ಸತ್ತ ಮೇಲೆ ದೇಹವನ್ನು ಕ್ರಯೋನಿಕ್ಸ್ ವಿಧಾನದಲ್ಲಿ (ಮುಂದೆಂದಾದರೂ ಮರಳಿ ಬದುಕಿಸಬಹುದೆಂಬ ಆಸೆಯಿಂದ, ಅತಿ ಶೀತದಲ್ಲಿ) ಕಾಪಿಡುವ ಖರ್ಚನ್ನು ಜೀವವಿಮೆಯಿಂದ ಭರಿಸಬಹುದೇ?

ಭರಿಸಬಹುದು, ಬಹಳಷ್ಟು ಜನ ಮಾಡುವುದೂ ಹಾಗೆಯೇ. ಅಮೆರಿಕದ ಮಿಶಿಗನ್‌ನಲ್ಲಿರುವ ಕ್ರಯೋನಿಕ್ಸ್ ಇನ್‌ಸ್ಟಿಟ್ಯೂಟ್‌ನ ಕನಿಷ್ಠ ಶುಲ್ಕ 28,000 ಡಾಲರ್. ಅರಿಜೋನಾದ ಇಂಥದೇ ಇನ್ನೊಂದು ಸಂಸ್ಥೆ ಆಲ್ಕಾರ್‌ನಲ್ಲಿ ಪೂರ್ತಿ ದೇಹಕ್ಕೆ 2 ಲಕ್ಷ ಡಾಲರಿಗೂ ಹೆಚ್ಚು. ಇದನ್ನು ಒಟ್ಟಿಗೆ ಕೊಡಲಾಗದವರು ಅಷ್ಟು ಮೊತ್ತದ ಪಾಲಿಸಿ ಮಾಡಿಸಿ, ಹಣ ಪಡೆಯುವವರ ಜಾಗದಲ್ಲಿ ಸಂಸ್ಥೆಯ ಹೆಸರು ಬರೆಸುತ್ತಾರೆ.

ಟರ್ಮ್ ಪಾಲಿಸಿ, ಅಂದರೆ ನಿಗದಿತ ಅವಧಿಗೆ ಮಾತ್ರ ಇರುವ ವಿಮೆ, ಅಗ್ಗ, ನಿಜ. ಆದರೆ 30 ವರ್ಷದ ಅವಧಿ ಮುಗಿದ ಮೇಲೂ ನೀವು ಬದುಕಿದ್ದರೆ (ಹಾಗೇ ಆಗಲಿ!) ಕೈಯಲ್ಲಿ ಏನೂ ಉಳಿಯದು, ಆ ವಯಸ್ಸಿನಲ್ಲಿ ಹೊಸ ಪಾಲಿಸಿ ಸಿಗುವುದೂ ಕಷ್ಟ. ಹಾಗಾಗಿ ಆಜೀವ ಪಾಲಿಸಿಯೇ ವಾಸಿ ಎಂದು ನನ್ನ ಅಭಿಪ್ರಾಯ. ಶುಲ್ಕ ಏರಬಹುದು, ಮೊತ್ತ ತುಸು ಹೆಚ್ಚೇ ಇರಲಿ.

ಇದುವರೆಗೆ ಯಾರನ್ನೂ ಮರಳಿ ಬದುಕಿಸಲಾಗಿಲ್ಲ ಎಂಬುದು ಗೊತ್ತಿರಲಿ. ಮನೆಯವರಿಗೂ ಮೊದಲೇ ತಿಳಿಸಿಡಿ: ಪ್ರಾಣ ಹೋದ ಕೂಡಲೇ ದೇಹವನ್ನು ತಂಪು ಮಾಡಬೇಕು, ಆಗ ವಿಮೆ ಹಣದ ತಕರಾರು ಏಳಬಾರದು.