ಗ್ರೀಕ್ ಮಡಕೆಗಳ ಮೇಲಿನ ಯೋಧರ ಚಿತ್ರ ನೋಡಿ ಅವರ ಯುದ್ಧತಂತ್ರದ ಬಗ್ಗೆ ಎಂ.ಎ. ಪ್ರಬಂಧ ಬರೆಯಬಹುದೇ? ಕಪ್ಪು ಆಕೃತಿಯ ಮಡಕೆ ಆರಿಸಲೇ, ಕೆಂಪು ಆಕೃತಿಯದೇ?

ಇದೇ ವಿಷಯ, ಇದೇ ಹುರುಪು ನನಗೂ ಇತ್ತು. ನನ್ನ ಪ್ರಬಂಧದ ಇಡೀ ಒಂದು ಅಧ್ಯಾಯ ಕೀಜಿ ಹೂಜಿಯ ಮೇಲೆ ನಿಂತಿತ್ತು. ಮೌಖಿಕ ಪರೀಕ್ಷೆಯ ದಿನ ಕುಸಿದುಬಿತ್ತು.

ಕ್ರಿ.ಪೂ. 650–640ರ ಸುಮಾರಿಗೆ ಗ್ರೀಸಿನ ಕೊರಿಂಥ್‌ನಲ್ಲಿ ಮಾಡಿದ ಹೂಜಿ ಅದು. ಎತ್ತರ ಬರೀ 26 ಸೆಂ.ಮೀ. 1881ರಲ್ಲಿ ಇಟಲಿಯ ವೇಯಿ ಬಳಿ, ರೋಮನ್ನರಿಗಿಂತ ಮುಂಚೆ ಅಲ್ಲಿದ್ದ ಎಟ್ರಸ್ಕನ್ ಜನರ ಗೋರಿಯೊಂದರಲ್ಲಿ ಸಿಕ್ಕಿತು, ಈಗ ರೋಮಿನ ವಿಲ್ಲಾ ಜೂಲಿಯಾ ಮ್ಯೂಸಿಯಂನಲ್ಲಿದೆ. ಮೇಲಿನ ಪಟ್ಟಿಯಲ್ಲಿ ಯೋಧರ ಸಾಲುಗಳು ಈಟಿ ಎತ್ತಿ, ಗುರಾಣಿಗೆ ಗುರಾಣಿ ಒತ್ತಿ ಎದುರುಬದುರಾಗಿವೆ. ನಡುವೆ ಒಬ್ಬ ಜೋಡಿ ಕೊಳಲು ಊದುತ್ತಿದ್ದಾನೆ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಅಚ್ಚಾಗುವುದು ಇಷ್ಟು ತುಂಡು. ನಾನು ನೋಡಿದ್ದೂ ಅಷ್ಟೇ. ಕೊಳಲಿನವನಿದ್ದಾನೆ, ಅಂದರೆ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದರು. ಹೆಜ್ಜೆ ಹಾಕುತ್ತಿದ್ದರು ಅಂದರೆ ಕವಾಯತು ಇತ್ತು. ಕವಾಯತು ಇತ್ತು ಅಂದರೆ ಫ್ಯಾಲಾಂಕ್ಸ್ ಎಂಬ ಒತ್ತುಸಾಲಿನ ಕಾಳಗ ಆಗಲೇ ಪೂರ್ತಿ ಬೆಳೆದಿತ್ತು. ಹೀಗೆ ಪುಟಗಟ್ಟಲೆ ಹೊಸೆದೆ.

ಪರೀಕ್ಷಕರು ಕೇಳಿದ್ದು ಸಣ್ಣ ಪ್ರಶ್ನೆ: "ಎಡ ತುದಿಯಲ್ಲಿ ಏನಿದೆ?" ನನಗೆ ಗೊತ್ತಿರಲಿಲ್ಲ. ಅಲ್ಲಿ ಕೆಲವರು ಇನ್ನೂ ಕವಚ ತೊಡುತ್ತಿದ್ದಾರೆ, ಪಕ್ಕದಲ್ಲಿ ಜೋಡಿ ಈಟಿ ನಿಲ್ಲಿಸಿದೆ, ಈಟಿಗೆ ಬೆರಳು ಸಿಕ್ಕಿಸಿ ಎಸೆಯಲು ದಾರದ ಕುಣಿಕೆ ಇದೆ. ಒತ್ತುಸಾಲಿನಲ್ಲಿ ನಿಂತು ತಿವಿಯುವವನಿಗೆ ಎಸೆಯುವ ಈಟಿ ಯಾಕೆ? "ಕೆಳಗಿನ ಪಟ್ಟಿಗಳಲ್ಲಿ?" ಸಿಂಹದ ಬೇಟೆ, ರಥ, ನಾಯಿಗಳೊಂದಿಗೆ ಮೊಲ ಅಟ್ಟುವ ಹುಡುಗರು. "ಹಿಡಿಕೆಯ ಕೆಳಗೆ?" ಮೂವರು ದೇವಿಯರಲ್ಲಿ ಚೆಲುವೆ ಯಾರೆಂದು ಟ್ರಾಯ್ ರಾಜಕುಮಾರ ಪ್ಯಾರಿಸ್ ತೀರ್ಪು ಕೊಡುವ ದೃಶ್ಯ. ನಾನು ತಡವರಿಸುವುದು ನೋಡಿ ಅವರೆಂದರು: "ನಮ್ಮ ವೀರಗಲ್ಲಿನಲ್ಲೂ ಕೆಳಗಿನ ಕಾಳಗ ಮಾತ್ರ ನೋಡಿ ಎದ್ದು ಬರ್ತೀರೇನ್ರಿ?"

ಅಧ್ಯಾಯ ತೆಗೆಸಿದರು, ಪದವಿ ಮುಂದಕ್ಕೆ ಹೋಯಿತು, ಅದನ್ನೇ ನಂಬಿದ್ದ ಫೆಲೋಶಿಪ್ ಕೈತಪ್ಪಿತು. ಇಲ್ಲಿ ಒಂದು ಮಾತು ಬಿಡಿಸಿ ಹೇಳಲೇಬೇಕು. ಅದು ಫ್ಯಾಲಾಂಕ್ಸೇ ಎನ್ನುವ ವಿದ್ವಾಂಸರು ಈಗಲೂ ಇದ್ದಾರೆ, ಹಾಗಾಗಿ ತೀರ್ಮಾನ ತಪ್ಪೆಂದು ನನಗೆ ಪೆಟ್ಟು ಬೀಳಲಿಲ್ಲ. ಯಾವನೋ ಪುಟವಿನ್ಯಾಸದವನು ಜಾಗ ಸಾಲದೆ ಕತ್ತರಿಸಿದ ಅಂಚನ್ನು ಎರಡೂವರೆ ಸಾವಿರ ವರ್ಷದ ಹಿಂದಿನ ಚಿತ್ರಕಾರ ಹಾಕಿದ ಅಂಚು ಅಂದುಕೊಂಡೆನಲ್ಲ, ಅದಕ್ಕೆ ಬಿತ್ತು. ಕುಣಿಕೆಯ ಈಟಿ ಕಂಡಿದ್ದರೆ ಪರವಾಗಿಯೋ ವಿರೋಧವಾಗಿಯೋ ವಾದಿಸಬಹುದಿತ್ತು. ಕಾಣದವನು ಏನು ವಾದಿಸುತ್ತಾನೆ?

ಕಪ್ಪೋ ಕೆಂಪೋ ಎಂಬ ಪ್ರಶ್ನೆ ಬಿಟ್ಟುಬಿಡಿ. ಅದೇ ಮಣ್ಣು, ಸುಟ್ಟಾಗ ಕಪ್ಪಾಗುವ ಅದೇ ನುಣ್ಣನೆಯ ಲೇಪ, ಅದೇ ಆವಿಗೆ. ಮೊದಲು ಆಕೃತಿಗೆ ಲೇಪ ಹಚ್ಚಿ ಗೆರೆ ಗೀರುತ್ತಿದ್ದರು, ಕ್ರಿ.ಪೂ. 525ರ ಸುಮಾರಿನಿಂದ ಅಥೆನ್ಸ್‌ನಲ್ಲಿ ಹಿನ್ನೆಲೆಗೆ ಲೇಪ ಹಚ್ಚಿ, ಆಕೃತಿಯೊಳಗೆ ಕುಂಚದಲ್ಲಿ ಗೆರೆ ಎಳೆಯತೊಡಗಿದರು. ಯುದ್ಧಭೂಮಿಯ ಸತ್ಯ ಇದರಿಂದ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಬೆತ್ತಲೆ ಯೋಧರನ್ನು ನೋಡಿ ಗ್ರೀಕರು ಹಾಗೇ ಕಾದಿದರು ಎಂದೂ ಬರೆಯಬೇಡಿ. ವೀರನನ್ನು ವೀರನೆಂದು ತೋರಿಸುವ ರೂಢಿ ಅದು.

ವಟಿಕನ್‌ನಲ್ಲಿರುವ ಚಿತ್ರಕಾರ ಎಕ್ಸೀಕಿಯಾಸ್‌ನ ಮಡಕೆಯನ್ನೇ ನೋಡಿ, ಕ್ರಿ.ಪೂ. 540–530ರದ್ದು. ಟ್ರಾಯ್ ಯುದ್ಧದ ಗ್ರೀಕ್ ವೀರರಾದ ಅಕಿಲೀಸ್, ಏಜಾಕ್ಸ್ ಇಬ್ಬರೂ ಈಟಿ ಹಿಡಿದೇ ಮಣೆಯಾಟಕ್ಕೆ ಬಾಗಿದ್ದಾರೆ. ಒಬ್ಬನ ಬಾಯಿಂದ "ನಾಲ್ಕು", ಇನ್ನೊಬ್ಬನ ಬಾಯಿಂದ "ಮೂರು" ಎಂಬ ಅಕ್ಷರಗಳು. ಇಬ್ಬರೂ ಟ್ರಾಯ್‌ನಲ್ಲೇ ಸಾಯುವವರು. ಹಿಂಬದಿಗೆ ಹೋದರೆ ಕ್ಯಾಸ್ಟರ್, ಪಾಲಿಡ್ಯೂಸೀಸ್ ಎಂಬ ಅವಳಿಗಳು ಮನೆಗೆ ಬಂದಿದ್ದಾರೆ, ನಾಯಿ ಮೈಮೇಲೆ ಹಾರುತ್ತಿದೆ. ಈ ಎರಡು ಬದಿಯನ್ನೂ ಒಟ್ಟಿಗೆ ಓದದೆ ಏನು ಬರೆದರೂ ಅರ್ಧ.

ನನ್ನ ಮಾತು ಕೇಳುವುದಾದರೆ ನೂರು ಚಿತ್ರ ಗುಡ್ಡೆ ಹಾಕಬೇಡಿ, ಚಿತ್ರಕಾರ ಯೂಫ್ರೋನಿಯೋಸ್‌ನ ಸಾರ್ಪೆಡಾನ್ ಕ್ರೇಟರ್ ಒಂದನ್ನೇ ಹಿಡಿಯಿರಿ. ದ್ರಾಕ್ಷಾರಸಕ್ಕೆ ನೀರು ಬೆರೆಸುವ ದೊಡ್ಡ ಪಾತ್ರೆ ಅದು. ಮುಂದೆ ನಿದ್ರೆ ಮತ್ತು ಮೃತ್ಯು ಸೇರಿ ವೀರ ಸಾರ್ಪೆಡಾನನ ಹೆಣ ಎತ್ತುತ್ತಿದ್ದಾರೆ, ಹಿಂದೆ ಎಳೆಯ ಹುಡುಗರು ಯುದ್ಧಕ್ಕೆ ಸಜ್ಜಾಗುತ್ತಿದ್ದಾರೆ. ಕುಡಿಯಲು ಕೂತವರ ನಡುವೆ ಇದನ್ನು ಯಾಕೆ ಇಟ್ಟರು ಎಂಬುದೇ ಒಳ್ಳೆಯ ಅಧ್ಯಾಯವಾಗುತ್ತದೆ. ಇಟಲಿಯ ಚೆರ್ವೆತೆರಿಯ ಗೋರಿಯಿಂದ ಕದ್ದ ಮಾಲು ಅದು. 1972ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಕೊಂಡಿತು, 2008ರಲ್ಲಿ ಇಟಲಿಗೆ ಮರಳಿತು. ಆ ಗಲಾಟೆಯಿಂದಾಗಿ ಓದಲು ಬೇಕಾದಷ್ಟು ಸಿಗುತ್ತದೆ. ನೋಂದಣಿಗೆ ಮುಂಚೆ ಶೀರ್ಷಿಕೆಯಲ್ಲಿರುವ "ಯುದ್ಧತಂತ್ರ" ಮಾತ್ರ ಹೊಡೆದುಹಾಕಿ. ಆಮೇಲೆ ಬದಲಿಸಲು ಅರ್ಜಿ, ಸಹಿ ಅಂತ ಓಡಾಡಿಸುತ್ತಾರೆ.