ಹೃದಯ ಆರೋಗ್ಯದ ಟ್ರಸ್ಟ್: ಟ್ರಸ್ಟಿಗಳೆಲ್ಲ ಹೃದ್ರೋಗ ತಜ್ಞರೇ ಆದರೆ ಸಾಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಜಿಲ್ಲಾ ಕೇಂದ್ರವೊಂದರಲ್ಲಿ ಹೃದಯ ಆರೋಗ್ಯಕ್ಕಾಗಿ ಸಾರ್ವಜನಿಕ ಟ್ರಸ್ಟ್ ಕಟ್ಟುತ್ತಿದ್ದೀರಿ. ಐವರು ಟ್ರಸ್ಟಿಗಳಲ್ಲಿ ನಾಲ್ವರು ಕಾರ್ಡಿಯಾಲಜಿಸ್ಟ್‌ಗಳು, ಒಬ್ಬರು ಮುಖ್ಯ ದಾನಿ. ಟ್ರಸ್ಟ್ ಡೀಡ್ (ಸ್ಥಾಪನಾ ಪತ್ರ) ನೋಂದಣಿಗೆ ಮೊದಲು ಬೇರೆ ವೃತ್ತಿಯವರನ್ನು ಸೇರಿಸಬೇಕೇ, ಸೇರಿಸುವುದಾದರೆ ಯಾರನ್ನು?

ಸೇರಿಸಲೇಬೇಕು. ನಾಲ್ವರು ತಜ್ಞರಲ್ಲಿ ಒಬ್ಬರೋ ಇಬ್ಬರೋ ಟ್ರಸ್ಟಿಗಳಾಗಿರಲಿ, ಉಳಿದವರು ವೈಜ್ಞಾನಿಕ ಸಲಹಾ ಸಮಿತಿಗೆ ಹೋಗಲಿ. ಇದರಿಂದ ಅವರ ಗೌರವಕ್ಕೆ ಕುಂದಿಲ್ಲ, ಕೆಲಸ ಹಂಚಿಕೊಂಡ ಹಾಗಾಗುತ್ತದೆ. ಕಾರ್ಡಿಯಾಲಜಿಸ್ಟ್ ಪಳಗಿರುವುದು ಎದುರಿಗೆ ಮಲಗಿರುವ ಒಬ್ಬ ರೋಗಿಯನ್ನು ಉಳಿಸುವುದರಲ್ಲಿ. ಟ್ರಸ್ಟ್ ತಲುಪಬೇಕಿರುವುದು ಇನ್ನೂ ಆಸ್ಪತ್ರೆಯ ಮೆಟ್ಟಿಲೇ ಹತ್ತದ ಸಾವಿರಾರು ಜನರನ್ನು, ಅದೂ ಬೇರೆಯವರು ಕೊಟ್ಟ ದುಡ್ಡಿನಲ್ಲಿ, ಸರ್ಕಾರದ ನಿಯಮಗಳ ಒಳಗೆ.

ದೊಡ್ಡ ಸಂಸ್ಥೆಗಳೂ ಇದೇ ದಾರಿಯಲ್ಲಿ ಬಂದಿವೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 1924ರಲ್ಲಿ ಹುಟ್ಟಿದಾಗ ಅದನ್ನು ಕಟ್ಟಿದವರು ಆರು ಜನ ಹೃದ್ರೋಗ ತಜ್ಞರು. ಎರಡು ದಶಕಕ್ಕೂ ಹೆಚ್ಚು ಕಾಲ ಅದು ವೈದ್ಯರ ವೃತ್ತಿಸಂಘವಾಗಿಯೇ ಇತ್ತು. 1948ರಲ್ಲಿ ವೈದ್ಯರಲ್ಲದವರನ್ನೂ ಒಳಗೆ ಬಿಟ್ಟುಕೊಂಡು ಸಾರ್ವಜನಿಕ ಸ್ವಯಂಸೇವಾ ಸಂಸ್ಥೆಯಾದ ಮೇಲೇ ಅದು ಜನರಿಂದ ದೊಡ್ಡ ಮಟ್ಟದಲ್ಲಿ ಹಣ ಎತ್ತಲು ಶುರುಮಾಡಿದ್ದು. ಈಗ ಅಲ್ಲಿ ಮೇಲ್ಮಟ್ಟದಲ್ಲಿ ಎರಡು ಗೌರವ ಹುದ್ದೆಗಳಿವೆ. ಪ್ರೆಸಿಡೆಂಟ್ ಎಂದರೆ ವೈದ್ಯರೋ ವಿಜ್ಞಾನಿಯೋ ಆಗಿದ್ದು ವಿಜ್ಞಾನದ ಕಡೆಗೆ ಹೊಣೆ ಹೊರುವವರು. ಬೋರ್ಡ್ ಚೇರ್ಮನ್ ಎಂದರೆ ಸಾಮಾನ್ಯವಾಗಿ ವ್ಯವಹಾರ ಜಗತ್ತಿನಿಂದ ಬಂದು ಆಡಳಿತ, ಹಣಕಾಸು ನೋಡುವವರು. 2020-21ರ ಪ್ರೆಸಿಡೆಂಟ್ ಮಿಚೆಲ್ ಎಲ್ಕಿಂಡ್ ನರರೋಗ ತಜ್ಞರು, ಏಕೆಂದರೆ ಪಾರ್ಶ್ವವಾಯುವೂ ಆ ಸಂಸ್ಥೆಯದೇ ಕೆಲಸ. ಬಹಳ ವರ್ಷ ಸಿಇಒ ಆಗಿ ಸಂಸ್ಥೆಯನ್ನು ನಡೆಸಿದ ನ್ಯಾನ್ಸಿ ಬ್ರೌನ್ ವೈದ್ಯೆಯೇ ಅಲ್ಲ. 1961ರಲ್ಲಿ ಆರಂಭವಾದ ಬ್ರಿಟಿಷ್ ಹಾರ್ಟ್ ಫೌಂಡೇಷನ್ ಹಳೆಯ ಬಟ್ಟೆ, ಪೀಠೋಪಕರಣ ಮಾರುವ ನೂರಾರು ಅಂಗಡಿಗಳನ್ನು ನಡೆಸುತ್ತದೆ, ಆದ್ದರಿಂದ ಚಿಲ್ಲರೆ ವ್ಯಾಪಾರ ಗೊತ್ತಿರುವವರು ಅಲ್ಲಿ ಬೇಕೇ ಬೇಕು. ಅದರ ಹಿಂದಿನ ಮುಖ್ಯಸ್ಥರಲ್ಲಿ ಒಬ್ಬರಾದ ಸೈಮನ್ ಗಿಲೆಸ್ಪಿ ನೌಕಾಪಡೆಯ ಅಧಿಕಾರಿಯಾಗಿದ್ದವರು. ಇತ್ತ ವರ್ಲ್ಡ್ ಹಾರ್ಟ್ ಫೆಡರೇಷನ್ನಿನ ಅಧ್ಯಕ್ಷರಾಗಿದ್ದ ಸಲೀಂ ಯೂಸುಫ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಹೆಸರು ಮಾಡಿದ್ದು ಆಂಜಿಯೋಪ್ಲಾಸ್ಟಿಯಿಂದಲ್ಲ, ಲಕ್ಷಾಂತರ ಜನರ ಮೇಲೆ ನಡೆಸಿದ ಅಧ್ಯಯನಗಳಿಂದ. ಹೃದ್ರೋಗ ತಜ್ಞರಲ್ಲೇ ಎಂಥವರು ಬೇಕು ಎನ್ನುವುದಕ್ಕೆ ಇದೇ ಸುಳಿವು.

ನಿಮ್ಮ ಪಟ್ಟಿಗೆ ಬರೋಣ. ಮೊದಲು ಮುಂದಿನ ಮೂರು ವರ್ಷದಲ್ಲಿ ಟ್ರಸ್ಟ್ ಏನೇನು ಮಾಡುತ್ತದೆ ಎಂದು ಒಂದು ಪುಟ ಬರೆಯಿರಿ. ತಪಾಸಣಾ ಶಿಬಿರವೇ, ಬಡ ಮಕ್ಕಳ ಶಸ್ತ್ರಚಿಕಿತ್ಸೆಗೆ ನೆರವೇ, ಶಾಲೆಗಳಲ್ಲಿ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಜೀವ ಉಳಿಸುವ ವಿಧಾನ) ತರಬೇತಿಯೇ? ಯಾರು ಬೇಕು ಎನ್ನುವುದು ಆ ಪುಟದಿಂದಲೇ ಹೊರಡುತ್ತದೆ. ಬಹುತೇಕರು ಶಿಬಿರದಿಂದ ಶುರುಮಾಡುತ್ತಾರೆ, ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

ಒಂದು ಭಾನುವಾರ 400 ವಯಸ್ಕರ ಬಿಪಿ ನೋಡಿದಿರಿ ಎನ್ನಿ. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ 140/90 ಅಥವಾ ಅದಕ್ಕೂ ಮೇಲೆ ಬರುತ್ತದೆ, ಅಂದರೆ ಸುಮಾರು ನೂರು ಜನ. ಅವರಲ್ಲಿ ಕೆಲವರದ್ದು ನಿಜವಾದ ಏರಿಕೆಯೇ ಅಲ್ಲ. ಬಿಸಿಲಲ್ಲಿ ನಡೆದು ಬಂದವರನ್ನು ಕೂರಿಸಿದ ತಕ್ಷಣ ನೋಡಿದ್ದು, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದ್ದು, ಕೈಯನ್ನು ಹೃದಯದ ಮಟ್ಟಕ್ಕೆ ಇಡದೆ ಜೋತುಬಿಟ್ಟಿದ್ದು ಇದಕ್ಕೆ ಕಾರಣ. ಐದು ನಿಮಿಷ ಬೆನ್ನು ಒರಗಿಸಿ ಕೂರಿಸಿ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕು. ಹೀಗೆ ಮಾಡಿದರೆ ಒಬ್ಬೊಬ್ಬರಿಗೆ ಎಂಟು ನಿಮಿಷವಾದರೂ ಹಿಡಿಯುತ್ತದೆ. 400 ಜನರಿಗೆ ಎಷ್ಟು ಕುರ್ಚಿ, ಎಷ್ಟು ಮೆಷಿನ್, ಎಷ್ಟು ನರ್ಸ್ ಬೇಕೆಂದು ಲೆಕ್ಕ ಹಾಕಬಲ್ಲವರು ನಿಮ್ಮ ಬೋರ್ಡಿನಲ್ಲಿ ಇದ್ದಾರೆಯೇ? ಆ ನೂರರಲ್ಲಿ ಬಿಪಿ ನಿಜವಾಗಿಯೂ ಹೆಚ್ಚಿರುವವರನ್ನು ತಿಂಗಳೊಳಗೆ ಮತ್ತೆ ನೋಡಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಸಿಗುವ ಹಾಗೆ ಮಾಡುವವರು ಯಾರು? ಹಿಂಬಾಲಿಸುವವರಿಲ್ಲದೆ ನಡೆದ ಶಿಬಿರದಿಂದ ಉಳಿಯುವುದು ಫೋಟೋ, ಬ್ಯಾನರ್ ಅಷ್ಟೇ.

ಆದ್ದರಿಂದ ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಸಮುದಾಯ ವೈದ್ಯಕೀಯ ವಿಭಾಗದಲ್ಲಿ ಕೆಲಸ ಮಾಡಿದ ವೈದ್ಯರದ್ದು, ಇಲ್ಲವೇ ನಿವೃತ್ತ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅವರದ್ದು. ತಾಲ್ಲೂಕು ಆಸ್ಪತ್ರೆ, ಆಶಾ ಕಾರ್ಯಕರ್ತೆಯರು, ಔಷಧ ದಾಸ್ತಾನು ಇವೆಲ್ಲ ಹೇಗೆ ಓಡುತ್ತವೆ ಎಂದು ಬಲ್ಲವರು ಅವರೇ. ಎದೆನೋವು ಬಂದವರನ್ನು ನೇರ ದೂರದ ಖಾಸಗಿ ಆಸ್ಪತ್ರೆಗೆ ಓಡಿಸುವ ಬದಲು, ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿರುವ ಹತ್ತಿರದ ಆಸ್ಪತ್ರೆಗೆ ಕಳಿಸಿದರೆ ಅಲ್ಲೇ ಇಸಿಜಿ ತೆಗೆದು, ಜಯದೇವದಂಥ ಕೇಂದ್ರದ ತಜ್ಞರು ನೋಡಿ, ಬೇಕಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ ಎಂಬುದೂ ಅವರಿಗೆ ಗೊತ್ತಿರುತ್ತದೆ. ಇನ್ನೊಂದು ಬಲೆಯಿದೆ: ಎಕೋ ಮೆಷಿನ್. ಹೃದಯ ನೋಡುವ ಎಕೋ ಯಂತ್ರವೂ ಅಲ್ಟ್ರಾಸೌಂಡ್ ಯಂತ್ರವೇ, ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಆಸ್ಪತ್ರೆಯ ಪೋರ್ಟಬಲ್ ಎಕೋವನ್ನು ಕಾರಿನಲ್ಲಿಟ್ಟುಕೊಂಡು ಹಳ್ಳಿಯ ಶಿಬಿರಕ್ಕೆ ಹೋಗುವಂತಿಲ್ಲ. ಒಳ್ಳೆಯ ಉದ್ದೇಶವಿದ್ದರೂ ಯಂತ್ರಕ್ಕೆ ಸೀಲ್ ಬೀಳುತ್ತದೆ, ಕೇಸೂ ಆಗಬಹುದು. ಜಿಲ್ಲೆಯ ಸಕ್ಷಮ ಪ್ರಾಧಿಕಾರದ ಜೊತೆ ಮೊದಲೇ ಮಾತಾಡಿ ಲಿಖಿತ ಅನುಮತಿ ತೆಗೆದುಕೊಳ್ಳಬೇಕು ಎಂದು ನೆನಪಿಸುವವರು ಬೋರ್ಡಿನಲ್ಲಿ ಒಬ್ಬರಾದರೂ ಇರಬೇಕು.

ಎರಡನೆಯವರು ಲೆಕ್ಕ ಬಲ್ಲವರು. ಇಲ್ಲಿ ಬಹಳ ಟ್ರಸ್ಟ್‌ಗಳು ಒಂದೇ ಕಡೆ ಎಡವುತ್ತವೆ. ಪರಿಚಯದ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರನ್ನು ಟ್ರಸ್ಟಿ ಮಾಡಿ, ಆಡಿಟ್ ವರದಿಗೂ ಅವರಿಂದಲೇ ಸಹಿ ಹಾಕಿಸುತ್ತಾರೆ. ಟ್ರಸ್ಟಿಯಾದ ಸಿಎ ಆ ಟ್ರಸ್ಟಿನ ಆಡಿಟರ್ ಆಗುವಂತಿಲ್ಲ, ಟ್ರಸ್ಟಿಯ ಬಂಧುವಾದ ಸಿಎಗೂ ಅದೇ ಅಡ್ಡಿ. ಅಂಥ ವರದಿ ಸಿಂಧುವಲ್ಲದಿದ್ದರೆ ತೆರಿಗೆ ವಿನಾಯಿತಿಗೇ ಕುತ್ತು. ಖಜಾಂಚಿ ಬೇರೆ, ಆಡಿಟರ್ ಬೇರೆ. ಖಜಾಂಚಿಯಾಗಿ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಸಿಕ್ಕರೆ ಇನ್ನೂ ಒಳ್ಳೆಯದು, ದಿನದ ಲೆಕ್ಕದ ಶಿಸ್ತು ಅವರಿಗೆ ಮೈಗೂಡಿರುತ್ತದೆ. ತೆರಿಗೆ ವಿನಾಯಿತಿ ಉಳಿಯಲು ಬೇಕಾದಂತೆ ವರ್ಷದ ಆದಾಯದ 85 ಶೇಕಡಾ ಉದ್ದೇಶಕ್ಕೆ ಖರ್ಚಾಗಿದೆಯೇ ಎಂದು ಮಾರ್ಚ್ 31ಕ್ಕಲ್ಲ, ಡಿಸೆಂಬರ್‌ನಲ್ಲೇ ಕೇಳುವವರು ಬೇಕು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟ ದಾನಿಗೆ ದಾನದ ಮೇಲಿನ ತೆರಿಗೆ ರಿಯಾಯಿತಿ (1961ರ ಕಾಯ್ದೆಯ 80ಜಿ ಕಲಂ) ಇಲ್ಲ ಎಂದು ರಸೀದಿ ಹರಿಯುವ ಮುಂಚೆಯೇ ಹೇಳುವವರು ಬೇಕು. ಆದಾಯ ತೆರಿಗೆ ಇಲಾಖೆಗೆ ದಾನಿಗಳ ವಿವರ ಸಲ್ಲಿಸಲು ಇದುವರೆಗಿನ ಗಡುವು ಮೇ 31. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಅದಕ್ಕಿಂತ ಕೆಟ್ಟದ್ದೆಂದರೆ ದಾನಿಗೆ ಪ್ರಮಾಣಪತ್ರ ಸಿಗದೆ ಅವರ ವಿಶ್ವಾಸ ಹೋಗುವುದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯಡಿ ಕಲಂಗಳ ಸಂಖ್ಯೆ ಬದಲಾಗುವುದರಿಂದ, ಹಳೆಯ ನೆನಪಿನ ಮೇಲೆ ನಡೆಸುವವರು ಈ ಜಾಗಕ್ಕೆ ಬೇಡ.

ಮುಖ್ಯ ದಾನಿಯ ಬಗ್ಗೆ ಒಂದು ಮಾತು. ಅವರು ಟ್ರಸ್ಟಿಯಾಗಿರುವುದರಲ್ಲಿ ತಪ್ಪಿಲ್ಲ. ಆದರೆ ದೊಡ್ಡ ದಾನಿ, ಸ್ಥಾಪಕರು, ಟ್ರಸ್ಟಿಗಳು, ಅವರ ಬಂಧುಗಳು ಇವರೆಲ್ಲ ಕಾನೂನಿನ ಕಣ್ಣಿಗೆ ಹಿತಾಸಕ್ತಿ ಇರುವವರು. ಅವರ ಕಟ್ಟಡಕ್ಕೆ ಮಾರುಕಟ್ಟೆಗಿಂತ ಹೆಚ್ಚು ಬಾಡಿಗೆ ಕೊಟ್ಟರೆ, ಅವರ ಮೆಡಿಕಲ್ ಶಾಪಿನಿಂದ ದುಬಾರಿ ಬೆಲೆಗೆ ಮಾತ್ರೆ ಕೊಂಡರೆ ವಿನಾಯಿತಿ ಕಳೆದುಕೊಳ್ಳುವುದು ಟ್ರಸ್ಟ್.

ವೈದ್ಯ ಟ್ರಸ್ಟಿಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಅಧ್ಯಕ್ಷರು ಒಂದು ಖಾಸಗಿ ಆಸ್ಪತ್ರೆಯ ಕ್ಯಾಥ್‌ಲ್ಯಾಬ್ (ಆಂಜಿಯೋಪ್ಲಾಸ್ಟಿಯಂಥ ಚಿಕಿತ್ಸೆ ನಡೆಯುವ ವಿಭಾಗ) ನಡೆಸುತ್ತಿದ್ದರೆ, ಶಿಬಿರದಲ್ಲಿ ಸಿಕ್ಕ ರೋಗಿಗಳೆಲ್ಲ ಅಲ್ಲಿಗೇ ಹೋಗುತ್ತಾರೆ ಎಂದು ಊರು ಮಾತಾಡಿಕೊಳ್ಳುತ್ತದೆ. ನಿಜವಿರಲಿ, ಸುಳ್ಳಿರಲಿ, ಒಮ್ಮೆ ಆ ಮಾತು ಹಬ್ಬಿದರೆ ಮತ್ತೆ ಜನ ಬರುವುದಿಲ್ಲ. ಇದಕ್ಕೆ ಪರಿಹಾರವಿದೆ. ಪ್ರತಿ ಏಪ್ರಿಲ್‌ನಲ್ಲಿ ಎಲ್ಲ ಟ್ರಸ್ಟಿಗಳೂ ತಮ್ಮ ಆಸ್ಪತ್ರೆ, ಲ್ಯಾಬ್, ಔಷಧ ಕಂಪನಿ, ಸ್ಟೆಂಟ್ ಕಂಪನಿಗಳ ಜೊತೆಗಿನ ಸಂಬಂಧವನ್ನು ಬರೆದು ಸಹಿ ಮಾಡಿ ಕೊಡಲಿ. ಆ ವಿಷಯ ಸಭೆಗೆ ಬಂದಾಗ ಸಂಬಂಧಪಟ್ಟವರು ಹೊರಗೆ ಹೋಗಲಿ, ಹೋದರು ಎಂದು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಕನಿಷ್ಠ ಮೂರು ಆಸ್ಪತ್ರೆಗಳ ಹೆಸರಿರಲಿ, ಮೊದಲನೆಯದು ಸರ್ಕಾರಿ ಆಸ್ಪತ್ರೆಯದ್ದು.

ನರ್ಸ್‌ಗಳನ್ನು ಬೋರ್ಡಿಗೆ ಕರೆಯುವವರು ಕಡಿಮೆ. ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ. ರುಮ್ಯಾಟಿಕ್ ಹೃದ್ರೋಗದ (ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಹಾಳಾಗುವ ಕಾಯಿಲೆ) ಮಕ್ಕಳನ್ನೇ ನೋಡಿ. ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ 12 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ತಪ್ಪದೆ ಆಗಬೇಕು (27 ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ ಅರ್ಧ ಡೋಸ್). ಇಂಜೆಕ್ಷನ್ ನೋವಿನದ್ದು, ಮಗು ತಪ್ಪಿಸಿಕೊಳ್ಳುತ್ತದೆ. ಅಲರ್ಜಿಯ ಭಯದಿಂದ ಎಷ್ಟೋ ಕಡೆ ಕೊಡಲು ಹಿಂಜರಿಯುತ್ತಾರೆ. ಕೆಲವು ತಿಂಗಳು ಔಷಧವೇ ಸಿಗುವುದಿಲ್ಲ. ಡೋಸ್ ತಪ್ಪಿದರೆ ಜ್ವರ ಮರುಕಳಿಸಿ ಕವಾಟ ಇನ್ನಷ್ಟು ಹಾಳಾಗುತ್ತದೆ, ಕೊನೆಗೆ ಲಕ್ಷಾಂತರ ರೂಪಾಯಿಯ ಶಸ್ತ್ರಚಿಕಿತ್ಸೆ. ತೀವ್ರ ಅಲರ್ಜಿಯಾದರೆ ಕೊಡಬೇಕಾದ ಅಡ್ರಿನಾಲಿನ್ ಪಕ್ಕದಲ್ಲಿಟ್ಟುಕೊಂಡು ಧೈರ್ಯವಾಗಿ ಕೊಡಬಲ್ಲ, ತಪ್ಪಿಸಿಕೊಂಡ ಮಗುವಿನ ಮನೆಗೆ ಫೋನ್ ಮಾಡಿಸಬಲ್ಲ ಹಿರಿಯ ನರ್ಸಿಂಗ್ ಸೂಪರಿಂಟೆಂಡೆಂಟ್ ಒಬ್ಬರು ಟ್ರಸ್ಟಿಯಾದರೆ ಇಂಥ ಕಾರ್ಯಕ್ರಮ ಬಾಳಿಕೆ ಬರುತ್ತದೆ. ಅದೇ ರೀತಿ ಕವಾಟದ ಶಸ್ತ್ರಚಿಕಿತ್ಸೆಯೋ ಬೈಪಾಸೋ ಆಗಿ ಬದುಕು ಕಟ್ಟಿಕೊಂಡ ಒಬ್ಬರು, ಅಥವಾ ಅಂಥ ಮಗುವಿನ ತಾಯಿ ಇರಲಿ. ಬಸ್ ಚಾರ್ಜು, ಕೂಲಿ ತಪ್ಪುವ ದಿನ, ದಾಖಲೆಗಾಗಿ ಅಲೆದಾಟ ಇವನ್ನು ಸಭೆಯಲ್ಲಿ ಹೇಳುವವರು ಅವರೇ.

ಮಾಧ್ಯಮ ಬಲ್ಲವರು ಅಲಂಕಾರಕ್ಕೆ ಎಂದುಕೊಳ್ಳಬೇಡಿ. 2025ರ ಜೂನ್-ಜುಲೈ ಹೊತ್ತಿಗೆ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿ, ಲಕ್ಷಣವೇ ಇಲ್ಲದ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಅಂಥ ವಾರದಲ್ಲಿ ಯಾರಿಗೆ ತಪಾಸಣೆ ಬೇಕು, ಯಾರಿಗೆ ಬೇಡ, ಯಾವ ಲಕ್ಷಣಕ್ಕೆ ತಕ್ಷಣ ಓಡಬೇಕು ಎಂದು ಸರಳ ಕನ್ನಡದಲ್ಲಿ ಅದೇ ದಿನ ಹೇಳಬಲ್ಲ ಪತ್ರಕರ್ತರೋ ಆಕಾಶವಾಣಿಯಲ್ಲಿ ದುಡಿದವರೋ ಬೋರ್ಡಿನಲ್ಲಿದ್ದರೆ ಟ್ರಸ್ಟ್ ನಿಜವಾಗಿ ಉಪಕಾರಕ್ಕೆ ಬರುತ್ತದೆ.

ಹಣ ತರುವ ಕೆಲಸಕ್ಕೆ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದಲ್ಲಿ ಇದ್ದವರು ಒಬ್ಬರು ಸಾಕು. ಸಿಎಸ್‌ಆರ್-1 ಎಂಬ ಸರ್ಕಾರಿ ನಮೂನೆಯ ನೋಂದಣಿ ಇಲ್ಲದೆ ಆ ಹಣ ಬರುವುದಿಲ್ಲ, ಕಂಪನಿಯೇ ಕಟ್ಟಿದ್ದಲ್ಲದ ಹೊರಗಿನ ಟ್ರಸ್ಟ್ ಆದರೆ ಮೂರು ವರ್ಷದ ಕೆಲಸದ ಚರಿತ್ರೆಯನ್ನೂ ಕೇಳುತ್ತಾರೆ. ವಿದೇಶದಲ್ಲಿರುವ ಕನ್ನಡಿಗರಿಂದ ನೆರವು ಬರುತ್ತದೆ ಎಂದು ಎಣಿಸಿದ್ದರೆ ಗಮನಿಸಿ: ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕ್ ಮೂಲಕ ತಮ್ಮ ಸ್ವಂತ ದುಡ್ಡು ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡವರು ಕೊಟ್ಟರೆ ಹೌದು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಹೌದು. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಆಗುವವರೆಗೆ ಅದನ್ನು ಮುಟ್ಟಬೇಡಿ. ಅಂಥವರನ್ನು ಟ್ರಸ್ಟಿ ಮಾಡಿದರೆ ಆ ನೋಂದಣಿಯೇ ತೊಡಕಾಗಬಹುದು, ಸಲಹಾ ಸಮಿತಿಯಲ್ಲಿ ಇರಲಿ.

ಹಿನ್ನೆಲೆ ಪರಿಶೀಲಿಸಲು ಸಂಕೋಚ ಬೇಡ. ವೈದ್ಯರದ್ದು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಕಾರ್ಡಿಯಾಲಜಿಯಲ್ಲಿ ಡಿಎಂ ಅಥವಾ ಡಿಎನ್‌ಬಿ ಎಂಬ ತಜ್ಞ ಪದವಿ ಇದೆಯೇ ಎಂದು ನೋಡಿ. ಆಡಿಟರ್ ಸಹಿ ಮಾಡಿದ ವರದಿಯ ಮೇಲಿನ ಯುಡಿಐಎನ್ (ಆ ದಾಖಲೆಯ ಗುರುತು) ಸಂಖ್ಯೆಯನ್ನು ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಐಸಿಎಐ ಜಾಲತಾಣದಲ್ಲಿ ಹಾಕಿ ನೋಡಿ. ಪದವಿಗಿಂತ ಮುಖ್ಯವಾಗಿ ಕೇಳಬೇಕಾದ್ದು, ಹಿಂದೆ ಇದ್ದ ಸಂಸ್ಥೆಯ ಸಭೆಗಳಿಗೆ ಎಷ್ಟು ಸಲ ಬಂದಿದ್ದರು ಎಂಬುದು. ಹೆಸರಿಗಾಗಿ ಸೇರಿಸಿದ ಗಣ್ಯರಿಂದ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಆಗುವುದಿಲ್ಲ.

ಒಟ್ಟು ಏಳರಿಂದ ಒಂಬತ್ತು ಜನ ಸಾಕು. ದಿನದ ಕೆಲಸ ನೋಡಲು ಸಂಬಳದ ಕಾರ್ಯನಿರ್ವಾಹಕರೊಬ್ಬರು ಇರಲಿ, ಸಾರ್ವಜನಿಕ ಆರೋಗ್ಯವೋ ಸಮಾಜಕಾರ್ಯವೋ (ಎಂಎಸ್‌ಡಬ್ಲ್ಯೂ) ಓದಿ ಹತ್ತಾರು ಹಳ್ಳಿಗಳಲ್ಲಿ ಕಾರ್ಯಕ್ರಮ ನಡೆಸಿದವರು. ಅವರು ಟ್ರಸ್ಟಿಯಾಗಿರುವುದು ಬೇಡ, ಬೋರ್ಡಿಗೆ ಉತ್ತರ ಕೊಡುವವರಾಗಿರಲಿ. ಡೀಡ್ ಬರೆಸುವ ವಕೀಲರಿಗೆ ಹೇಳಿ ಮೂರು ವರ್ಷದ ಅವಧಿ, ಸತತ ಎರಡು ಅವಧಿಯ ಮಿತಿ, ಸತತ ಮೂರು ಸಭೆಗೆ ಬಾರದಿದ್ದರೆ ಸ್ಥಾನ ತೆರವು, ಒಂದೇ ಆಸ್ಪತ್ರೆಯಿಂದ ಇಬ್ಬರಿಗಿಂತ ಹೆಚ್ಚು ಜನ ಇರಬಾರದೆಂಬ ಷರತ್ತು, ಇವನ್ನು ಸೇರಿಸಿ. ತಿದ್ದುಪಡಿ ಮಾಡುವ ಅಧಿಕಾರವೂ ಅದರಲ್ಲೇ ಬರೆದಿರಲಿ. ಅದಿಲ್ಲದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮುಗಿಸಿಬಿಟ್ಟರೆ, ಮುಂದೆ ಒಂದು ಸಾಲು ಬದಲಿಸಲೂ ಸಿವಿಲ್ ಕೋರ್ಟಿಗೆ ಹೋಗಬೇಕಾಗಬಹುದು.