ಹೊಲಿಗೆ ಯಂತ್ರದ ಮುಂದೆ ಪವಿತ್ರತೆ ಸಾಧ್ಯವೇ?

ಪ್ರಶ್ನೆ: ನಾನು ಇಬ್ಬರು ಹೆಣ್ಣುಮಕ್ಕಳನ್ನು ಕೆಲಸಕ್ಕಿಟ್ಟುಕೊಂಡು ಟೈಲರಿಂಗ್ ಅಂಗಡಿ ನಡೆಸುತ್ತಿದ್ದೇನೆ. ಪವಿತ್ರರಾಗುವಂತೆ ದೇವರು ಎಲ್ಲರನ್ನೂ ಕರೆದಿದ್ದಾರೆಂದು ನಮ್ಮ ಗುರುಗಳು ಪ್ರಬೋಧನೆಯಲ್ಲಿ ಹೇಳಿದರು. ಅಂಗಡಿ, ಅಡುಗೆ, ಮಕ್ಕಳ ಓದು, ಹಾಸಿಗೆ ಹಿಡಿದಿರುವ ಅತ್ತೆಯವರ ಆರೈಕೆ, ಇವುಗಳ ನಡುವೆ ಒಂದು ಜಪಸರ ಮುಗಿಸುವುದೇ ಕಷ್ಟ. ಇದು ಕನ್ಯಾಮಠದ ಭಗಿನಿಯರಿಗೆ ಹೇಳಿದ ಮಾತಲ್ಲವೇ?

ಉತ್ತರ: ಸಹೋದರಿ, ಅದು ನಿಮಗೂ ಹೇಳಿದ ಮಾತೇ. ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರ್ 21ರಂದು ಧರ್ಮಸಭೆಯನ್ನು ಕುರಿತು ಪ್ರಕಟಿಸಿದ ದಸ್ತಾವೇಜಿನ ಐದನೆಯ ಅಧ್ಯಾಯ ಈ ಕರೆಗೇ ಮೀಸಲಾಗಿದೆ. ಅದರಲ್ಲಿ ದಂಪತಿಗಳು, ವಿಧವೆಯರು, ಮೈಮುರಿದು ದುಡಿಯುವವರು, ರೋಗಿಗಳು ಎಲ್ಲರ ಪ್ರಸ್ತಾಪವೂ ಇದೆ.

ಆದರೆ ಇದು ಹೊಸ ಬೋಧನೆಯಲ್ಲ. ನಾನು ಪವಿತ್ರನಾಗಿರುವುದರಿಂದ ನೀವೂ ಪವಿತ್ರರಾಗಿರಿ ಎಂಬ ದೇವರ ಆಜ್ಞೆ ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯದ ಆರಂಭದಲ್ಲಿದೆ. ಆ ಅಧ್ಯಾಯವನ್ನು ದಯವಿಟ್ಟು ಕೊನೆಯವರೆಗೆ ಓದಿ. ಕೂಲಿಯಾಳಿನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಡಿ, ಸುಳ್ಳಾಡಬೇಡಿ, ಚಾಡಿ ಹೇಳಬೇಡಿ, ನರೆತ ತಲೆಯವರ ಮುಂದೆ ಎದ್ದು ನಿಲ್ಲಿ, ಅಳತೆಯಲ್ಲಿ ಮೋಸ ಮಾಡಬೇಡಿ ಎಂಬ ಮಾತುಗಳು ಅಲ್ಲಿ ಸಾಲುಗಟ್ಟಿವೆ. ಇವೆಲ್ಲ ನಿಮ್ಮ ಅಂಗಡಿಯಲ್ಲಿ ದಿನವೂ ಎದುರಾಗುವ ವಿಷಯಗಳೇ. ಗಿರಾಕಿ ಕೊಟ್ಟ ಬಟ್ಟೆಯಲ್ಲಿ ಅರ್ಧ ಮೀಟರ್ ಉಳಿದರೆ ಅದನ್ನು ಮಡಿಸಿ ಹೊಲಿದ ರವಿಕೆಯ ಜೊತೆಗೇ ಇಡುವುದು, ಶುಕ್ರವಾರ ಆಗದ ಕೆಲಸವನ್ನು ಶುಕ್ರವಾರ ಕೊಡುತ್ತೇನೆಂದು ಹೇಳದಿರುವುದು, ಕ್ರಿಸ್ಮಸ್ ಹಿಂದಿನ ದಿನ ನಿಮ್ಮ ಕೈಗೆ ಹಣ ಬರುವುದು ತಡವಾದರೂ ಆ ಇಬ್ಬರ ಸಂಬಳವನ್ನು ತಡಮಾಡದಿರುವುದು, ಇವನ್ನು ನಾನು ಪವಿತ್ರತೆಯ ಪೂರ್ವಸಿದ್ಧತೆ ಎನ್ನುವುದಿಲ್ಲ, ಪವಿತ್ರತೆ ಎಂದೇ ಕರೆಯುತ್ತೇನೆ.

ನಿಮ್ಮಂತೆಯೇ ಸೂಜಿದಾರದಿಂದ ಸಂಸಾರ ನಡೆಸಿದ ಸಂತರೊಬ್ಬರಿದ್ದಾರೆ. ಫ್ರಾನ್ಸ್‌ನ ಅಲೆನ್ಸೋನ್ ಪಟ್ಟಣದ ಜೆಲೀ ಮಾರ್ಟಿನ್ ಕೆಲಸದವರನ್ನಿಟ್ಟುಕೊಂಡು ಲೇಸ್ ನೇಯಿಸಿ ಮಾರುತ್ತಿದ್ದರು. ಗಡಿಯಾರದ ಅಂಗಡಿಯಿದ್ದ ಪತಿ ಲೂಯಿ, ವ್ಯಾಪಾರ ಕೈತಪ್ಪಿದರೂ ಭಾನುವಾರ ಬಾಗಿಲು ತೆರೆಯುತ್ತಿರಲಿಲ್ಲ; ಮುಂದೆ ಅವರು ಅದನ್ನು ಬಿಟ್ಟು ಪತ್ನಿಯ ಉದ್ಯಮಕ್ಕೇ ಹೆಗಲು ಕೊಟ್ಟರು. ಒಂಬತ್ತು ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡ ಜೆಲೀ, 1877ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಪತ್ರಗಳ ತುಂಬ ಇರುವುದು ಆರ್ಡರುಗಳ ಒತ್ತಡ, ಮಕ್ಕಳ ಕಾಯಿಲೆ, ಆಯಾಸ, ಮತ್ತು ಇವೆಲ್ಲದರ ನಡುವೆ ದೇವರ ಮೇಲಿನ ಭರವಸೆ. ಲಿಸ್ಯೂ ಪಟ್ಟಣದ ಸಂತ ತೆರೇಸಾ (ಕೋಲ್ಕತ್ತದ ಮದರ್ ತೆರೇಸಾ ಅಲ್ಲ) ಅವರ ಕಿರಿಯ ಮಗಳು. ಮಗಳು 1925ರಲ್ಲೇ ಸಂತಳೆಂದು ಘೋಷಿತಳಾದರೆ, ತಂದೆತಾಯಿಗೆ ಆ ಗೌರವ ದೊರೆತದ್ದು 2015ರ ಅಕ್ಟೋಬರ್ 18ರಂದು, ಇಬ್ಬರಿಗೂ ಒಟ್ಟಿಗೆ.

ಹಾಗೆಂದು ಕೆಲಸವೇ ಪ್ರಾರ್ಥನೆ, ಬೇರೆ ಪ್ರಾರ್ಥನೆ ಬೇಡ ಎಂದು ನಾನು ಹೇಳಲಾರೆ. ಮಾರ್ಟಿನ್ ದಂಪತಿಗಳು ನಸುಕಿನಲ್ಲೇ ಎದ್ದು ಚರ್ಚಿನ ಬಲಿಪೂಜೆಗೆ (ಮಾಸ್) ಹೋಗುತ್ತಿದ್ದರು. ಪವಿತ್ರತೆಯನ್ನು ದೀಕ್ಷಾಸ್ನಾನದಲ್ಲಿ ಮೊದಲು ಕೊಡುವವರು ದೇವರು. ಅವರಿಂದ ಪಡೆಯದೆ ನಮ್ಮ ಪ್ರಾಮಾಣಿಕತೆಯೂ ಒಮ್ಮೊಮ್ಮೆ ಬಿರುಸಾಗಿ, ಇತರರ ತಪ್ಪು ಎಣಿಸತೊಡಗುತ್ತದೆ. ಭಾನುವಾರದ ಬಲಿಪೂಜೆಯನ್ನು ಬಿಡಬೇಡಿ. ಜಪಸರದ ಐದು ದಶಕಗಳನ್ನು, ಅಂದರೆ ಹತ್ತು ಹತ್ತು ಮಣಿಗಳ ಐದು ಭಾಗಗಳನ್ನು, ಒಂದೇ ಬಾರಿಗೆ ಹೇಳಿ ಮುಗಿಸಬೇಕೆಂಬ ಕಟ್ಟಳೆಯಿಲ್ಲ. ಅಂಗಡಿಯ ಬಾಗಿಲು ತೆರೆಯುವ ಮುನ್ನ ಒಂದು ದಶಕ, ರಾತ್ರಿ ಅತ್ತೆಯವರ ಮಂಚದ ಪಕ್ಕದಲ್ಲಿ ಕುಳಿತು ಮತ್ತೊಂದು ಆಗಬಹುದು. ಅವರಿಗೆ ಶಕ್ತಿಯಿದ್ದರೆ ಪ್ರತಿ ಮಣಿಯ ಪ್ರಾರ್ಥನೆಯ ಉತ್ತರಾರ್ಧವನ್ನು ಅವರೇ ಹೇಳಲಿ.